ಬಯಲಾಟದ ಗದ್ದೆಗೆ ಇಂಟರ್ನೆಟ್: ಇಪ್ಪತ್ತು ವ್ಯಾಟ್ ಸಾಕು

ತುಲಾ ಮಾಸದ ಹತ್ತು ಕಳೆಯಿತೆಂದರೆ ಕಾಸರಗೋಡಿನ ಹಳ್ಳಿಗಳಲ್ಲಿ ರಾತ್ರಿಗಳಿಗೆ ಬಿಡುವಿಲ್ಲ. ತೆಯ್ಯಂ, ಕೋಲ, ಜಾತ್ರೆ, ಆಮೇಲೆ ಯಕ್ಷಗಾನ ಮೇಳಗಳ ತಿರುಗಾಟ. ಮೇ ಕೊನೆಯಲ್ಲಿ ಈ ಸೀಸನ್ ಮುಗಿಯುವ ದಿನವಾದ ಪತ್ತನಾಜೆ ಬರುವವರೆಗೆ ಎಣ್ಮಕಜೆ, ಬೆಳ್ಳೂರು, ಪೈವಳಿಕೆ, ದೇಲಂಪಾಡಿ ಕಡೆಯ ಒಳಊರುಗಳಲ್ಲಿ ಎಲ್ಲಾದರೊಂದು ಗದ್ದೆಯಲ್ಲಿ ಚಪ್ಪರ ಇದ್ದೇ ಇರುತ್ತದೆ. ಈಗ ಆ ಚಪ್ಪರಕ್ಕೆ ಲೈಟು, ಮೈಕು, ಜನರೇಟರ್ ಬೇಕಾದ ಹಾಗೆಯೇ ಇಂಟರ್ನೆಟ್ ಕೂಡ ಬೇಕು. ಹರಕೆ ಆಟ ಆಡಿಸುವ ಮನೆಯ ಮಗ ಶಾರ್ಜಾದಲ್ಲಿರುತ್ತಾನೆ, ಮಗಳು ಬೆಂಗಳೂರಿನಲ್ಲಿ. ಅವರಿಗೆ ಲೈವ್ ಬೇಕು. ಸಮಿತಿಯ ಕೌಂಟರ್‌ನಲ್ಲಿ ಕ್ಯೂಆರ್ ಕೋಡ್ ಇದೆ, ಚರುಮುರಿ ಗಾಡಿಯಲ್ಲೂ ಇದೆ.

ಸಂಜೆ ಆರಕ್ಕೆ ಎಲ್ಲ ಸರಿ ಇರುತ್ತದೆ. ಒಂಬತ್ತಕ್ಕೆ ಜನ ಸೇರಿದ ಮೇಲೆ ಲೈವ್ ನಿಂತು ನಿಂತು ಹೋಗುತ್ತದೆ. ದೇಣಿಗೆ ಕೊಡಲು ಬಂದವರು ಫೋನ್ ಹಿಡಿದು ಕಾಯುತ್ತಾರೆ, ಕೊನೆಗೆ "ಆಮೇಲೆ ಹಾಕ್ತೇನೆ" ಎಂದು ಹೊರಡುತ್ತಾರೆ. "ಇಲ್ಲಿ ರೇಂಜ್ ಇಲ್ಲ" ಎಂದು ಎಲ್ಲರೂ ಒಪ್ಪಿಕೊಂಡು ಬಿಡುತ್ತಾರೆ. ನನ್ನ ತಕರಾರು ಈ ಒಪ್ಪಿಗೆಯ ಬಗ್ಗೆಯೇ. ಬಹಳಷ್ಟು ಗದ್ದೆಗಳಲ್ಲಿ ರೇಂಜ್ ಇದೆ. ಅದನ್ನು ಬಳಸುವ ರೀತಿ ಸರಿಯಿಲ್ಲ. ಒಂದು ಸಣ್ಣ ಬ್ಯಾಟರಿ, ಒಂದು ಕಂಬ, ಎರಡು ಮೂರು ಪೆಟ್ಟಿಗೆಗಳಿದ್ದರೆ ಒಂದು ರಾತ್ರಿಯ ಕೆಲಸ ನಡೆಯುತ್ತದೆ. ದೊಡ್ಡ ಉತ್ಸವಗಳಿಗೆ ಕಂಪನಿಗಳೇ ತಾತ್ಕಾಲಿಕ ಟವರ್ ತಂದು ನಿಲ್ಲಿಸುತ್ತವೆ. 2025ರ ಪ್ರಯಾಗರಾಜ್ ಕುಂಭಮೇಳದಲ್ಲಿ ಹಾಗೆ ಮಾಡಿದರು, ಶಬರಿಮಲೆ ಸೀಸನ್‌ನಲ್ಲೂ ಮಾಡುತ್ತಾರೆ. ಸಾವಿರ ಜನ ಸೇರುವ ನಮ್ಮ ಬಯಲಾಟಕ್ಕೆ ಯಾರೂ ಟವರ್ ತರುವುದಿಲ್ಲ. ನಾವೇ ಏರ್ಪಾಡು ಮಾಡಿಕೊಳ್ಳಬೇಕು.

ಮೊದಲು ಕಾಯಿಲೆ ಯಾವುದು ಎಂದು ನೋಡೋಣ. ಸಿಗ್ನಲ್ಲೇ ಇಲ್ಲದಿರುವುದು ಒಂದು. ಸಿಗ್ನಲ್ ಇದ್ದೂ ಟವರ್ ತುಂಬಿರುವುದು ಇನ್ನೊಂದು. ಇವೆರಡೂ ಜನರಿಗೆ ಗೊತ್ತು. ಮೂರನೆಯದು ಅಷ್ಟು ಗೊತ್ತಿಲ್ಲ: ಡೌನ್‌ಲೋಡ್ ಆಗುತ್ತದೆ, ಅಪ್‌ಲೋಡ್ ಆಗುವುದಿಲ್ಲ. ಲೈವ್ ಮಾಡುವವರಿಗೆ ಬೇಕಾದ್ದು ಅಪ್‌ಲೋಡ್ ಮಾತ್ರ.

ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಸಿಗ್ನಲ್ ಕಳಿಸುತ್ತದೆ. ನಮ್ಮ 4ಜಿ ಫೋನ್ ಹೆಚ್ಚೆಂದರೆ 0.2 ವ್ಯಾಟ್‌ನಲ್ಲಿ ಉತ್ತರ ಕೊಡುತ್ತದೆ. ಮೈಕಿನಲ್ಲಿ ಹೇಳಿದ್ದು ಗದ್ದೆಯ ಕೊನೆಗೂ ಕೇಳುತ್ತದೆ, ಕೊನೆಯಲ್ಲಿ ಕುಳಿತವರು ಹೇಳಿದ್ದು ರಂಗಸ್ಥಳಕ್ಕೆ ಕೇಳುವುದಿಲ್ಲ, ಅಲ್ವಾ? ಹಾಗೆಯೇ ಇದು. ಫೋನಿನಲ್ಲಿ ಮೂರು ಕಡ್ಡಿ ಕಾಣುವುದು ಟವರಿನ ದನಿ ನಮಗೆ ಕೇಳುತ್ತಿದೆ ಎನ್ನುವುದಕ್ಕೆ ಗುರುತು. ನಮ್ಮ ದನಿ ಅದಕ್ಕೆ ಕೇಳುತ್ತಿದೆಯೇ ಎಂಬುದನ್ನು ಆ ಕಡ್ಡಿಗಳು ಹೇಳುವುದಿಲ್ಲ.

ಇದಕ್ಕೆ ಬ್ಯಾಂಡ್‌ನ, ಅಂದರೆ ಸಿಗ್ನಲ್ ಓಡುವ ಫ್ರೀಕ್ವೆನ್ಸಿಯ, ವಿಷಯವೂ ಸೇರುತ್ತದೆ. 4ಜಿಯ 2300 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಡೌನ್‌ಲೋಡ್, ಅಪ್‌ಲೋಡ್ ಎರಡಕ್ಕೂ ಒಂದೇ ದಾರಿ. ಸಮಯ ಹಂಚಿಕೊಂಡು ಬಳಸುತ್ತವೆ, ಹೆಚ್ಚಿನ ಸಮಯ ಡೌನ್‌ಲೋಡ್‌ಗೆ ಹೋಗುತ್ತದೆ. 5ಜಿಗೆ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲೂ ಇದೇ ಕತೆ. ಆದರೆ 850, 900, 1800, 2100 ಬ್ಯಾಂಡ್‌ಗಳಲ್ಲಿ ಅಪ್‌ಲೋಡ್‌ಗೆ ಅಂತಲೇ ಬೇರೆ ದಾರಿ ಇದೆ. ಫೋನ್ ತಾನಾಗಿ ಆರಿಸುವಾಗ ವೇಗದ ಡೌನ್‌ಲೋಡ್ ನೋಡಿ 2300ಕ್ಕೆ ಅಂಟಿಕೊಳ್ಳುವುದು ಸಾಮಾನ್ಯ. ಸ್ಪೀಡ್ ಟೆಸ್ಟ್ ಹಾಕಿದರೆ ಡೌನ್‌ಲೋಡ್ 30 ಎಂಬಿಪಿಎಸ್, ಅಪ್‌ಲೋಡ್ ಅರ್ಧ ಎಂಬಿಪಿಎಸ್ ಬರುವುದು ಹೀಗೆ. ಸಿಮ್ ಹಾಕುವ ಅನೇಕ ರೂಟರ್‌ಗಳಲ್ಲಿ ಬ್ಯಾಂಡ್ ಲಾಕ್ ಮಾಡುವ, ಅಂದರೆ ನಾವು ಹೇಳಿದ ಬ್ಯಾಂಡ್‌ನಲ್ಲೇ ನಿಲ್ಲಿಸುವ, ಸೌಕರ್ಯ ಇರುತ್ತದೆ. 1800ಕ್ಕೋ 850ಕ್ಕೋ ಲಾಕ್ ಮಾಡಿದರೆ ಡೌನ್‌ಲೋಡ್ ಸ್ವಲ್ಪ ಇಳಿದರೂ ಅಪ್‌ಲೋಡ್ ಏರುವ ಸಾಧ್ಯತೆ ಚೆನ್ನಾಗಿದೆ. ಒಂದು ರೂಪಾಯಿ ಖರ್ಚಿಲ್ಲ. ಲೈವ್ ಮಾಡುವ ಹುಡುಗರು ಕ್ಯಾಮರಾ, ಲೆನ್ಸ್ ಬಗ್ಗೆ ತುಂಬಾ ತಿಳಿದಿರುತ್ತಾರೆ. ಈ ಒಂದು ಸೆಟ್ಟಿಂಗ್ ಬಗ್ಗೆ ಯಾರೂ ಅವರಿಗೆ ಹೇಳಿರುವುದಿಲ್ಲ.

ನಮ್ಮ ನೆಲದ ರಚನೆಯೂ ಇದರಲ್ಲಿ ದೊಡ್ಡ ಪಾಲು ತೆಗೆದುಕೊಳ್ಳುತ್ತದೆ. ಮೇಲೆ ಮುರಕಲ್ಲಿನ ಬೋಳು ಪದವು, ಅಂದರೆ ಗುಡ್ಡದ ತಲೆಯ ಚಪ್ಪಟೆ ಬಯಲು, ಕೆಳಗೆ ಬೈಲು, ಅಂದರೆ ತಗ್ಗಿನ ಗದ್ದೆ ನೆಲ, ನಡುವೆ ಇಳಿಜಾರಿನ ಉದ್ದಕ್ಕೂ ಅಡಕೆ ತೋಟ. ಟವರ್‌ಗಳು ಹೆಚ್ಚಾಗಿ ಪದವಿನ ಮೇಲೆ ಅಥವಾ ರಸ್ತೆ ಬದಿಯ ಪೇಟೆಯಲ್ಲಿರುತ್ತವೆ. ಆಟ ನಡೆಯುವುದು ಬೈಲಿನ ಗದ್ದೆಯಲ್ಲಿ. ಅಡಕೆ ಮರದ ತಲೆಯಲ್ಲಿ ನೀರಿನ ಅಂಶ ಜಾಸ್ತಿ, ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಫ್ರೀಕ್ವೆನ್ಸಿ ಹೆಚ್ಚಾದಷ್ಟೂ ಈ ನಷ್ಟ ಹೆಚ್ಚು. ಆದ್ದರಿಂದ ಬೈಲಿನಲ್ಲಿ 850, 900 ಬ್ಯಾಂಡ್‌ಗಳೇ ಸಾಮಾನ್ಯವಾಗಿ ಆಧಾರ. ಬಿಎಸ್‌ಎನ್‌ಎಲ್ 4ಜಿಗೆ 700 ಮೆಗಾಹರ್ಟ್ಸ್ ಕೂಡ ಇದೆ, ಅದು ಇನ್ನೂ ದೂರ ಹೋಗುತ್ತದೆ.

ರೂಟರನ್ನು ಮೇಜಿನ ಮೇಲಿಡದೆ ಆರೇಳು ಮೀಟರ್ ಎತ್ತರದ ಕಂಬಕ್ಕೆ ಏರಿಸಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಸಿಗ್ನಲ್ ಅಳೆಯುವ ಆ್ಯಪ್‌ನಲ್ಲಿ ಆರ್‌ಎಸ್‌ಆರ್‌ಪಿ ಅಂತ ಒಂದು ಸಂಖ್ಯೆ ಇರುತ್ತದೆ, ಟವರಿನ ಸಿಗ್ನಲ್ ಎಷ್ಟು ಬಲವಾಗಿ ತಲುಪುತ್ತಿದೆ ಎಂದು ಅದು ಹೇಳುತ್ತದೆ. ಮೈನಸ್ 85 ಚೆನ್ನಾಗಿದೆ, ಮೈನಸ್ 100 ಪರವಾಗಿಲ್ಲ, ಮೈನಸ್ 110ಕ್ಕಿಂತ ಕೆಳಗಿಳಿದರೆ ಆ ಜಾಗದಿಂದ ಲೈವ್ ಆಸೆ ಬಿಡಬೇಕು. ಕಂಬಕ್ಕೆ ಆ್ಯಂಟೆನಾ ಮಾತ್ರ ಏರಿಸಿ ಉದ್ದದ ಆ್ಯಂಟೆನಾ ಕೇಬಲ್ ಇಳಿಸುವವರಿದ್ದಾರೆ. ಬೇಡ. ಗಳಿಸಿದ್ದೆಲ್ಲ ಕೇಬಲ್‌ನಲ್ಲೇ ಕರಗುತ್ತದೆ. ಹೊರಗೆ ಇಡುವ ರೂಟರನ್ನೇ ಮೇಲೆ ಕಟ್ಟಿ, ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟನ್ನೂ ಕಳಿಸಬೇಕು. ಆ ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು.

ಗಡಿಯಲ್ಲಿ ಇರುವ ನಮಗೆ ಇನ್ನೊಂದು ಅನುಕೂಲವಿದೆ, ಅದು ತಲೆನೋವೂ ಹೌದು. ಪೆರ್ಲ, ದೇಲಂಪಾಡಿ, ತಲಪಾಡಿ ಕಡೆ ಎತ್ತರದ ಜಾಗದಲ್ಲಿ ಕರ್ನಾಟಕದ ಟವರ್ ಕೂಡ ಸಿಗುತ್ತದೆ. ನಮ್ಮಲ್ಲಿ ಸ್ಪೆಕ್ಟ್ರಮ್, ಅಂದರೆ ಫ್ರೀಕ್ವೆನ್ಸಿ ಬಳಸುವ ಹಕ್ಕು, ಕೊಡುವುದು ಸರ್ಕಲ್ ಲೆಕ್ಕದಲ್ಲಿ. ಕೇರಳ ಒಂದು ಸರ್ಕಲ್, ಕರ್ನಾಟಕ ಇನ್ನೊಂದು. ಒಂದೇ ಕಂಪನಿಯ ಹತ್ತಿರ ಕೇರಳದಲ್ಲಿ ಇರುವಷ್ಟು ಸ್ಪೆಕ್ಟ್ರಮ್ ಕರ್ನಾಟಕದಲ್ಲಿ ಇರಬೇಕೆಂದಿಲ್ಲ, ಹೆಚ್ಚೂ ಇರಬಹುದು. ಫೋನ್ ಮಾತ್ರ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹಾರುತ್ತಾ ಲೈವ್ ಕಡಿಸುತ್ತದೆ. ಯಾವ ಟವರ್ ಹಿಡಿದಿದೆ ಎಂದು ಪತ್ತೆ ಮಾಡುವುದು ಸುಲಭ. ಆ್ಯಪ್‌ನಲ್ಲಿ ನೆಟ್‌ವರ್ಕ್ ಸಂಖ್ಯೆ ನೋಡಿ: ಬಿಎಸ್‌ಎನ್‌ಎಲ್ ಆದರೆ 404-72 ಕೇರಳ, 404-71 ಕರ್ನಾಟಕ. ಏರ್‌ಟೆಲ್ ಆದರೆ 404-95 ಕೇರಳ, 404-45 ಕರ್ನಾಟಕ. ಎರಡನ್ನೂ ಅಳೆದು, ಅಪ್‌ಲೋಡ್ ಹೆಚ್ಚಿರುವ ಟವರಿನ ಕಡೆಗೆ ಒಂದೇ ದಿಕ್ಕಿಗೆ ಕೆಲಸ ಮಾಡುವ ಆ್ಯಂಟೆನಾ ತಿರುಗಿಸಿದರೆ ಹಾರಾಟ ಬಹಳ ಮಟ್ಟಿಗೆ ನಿಲ್ಲುತ್ತದೆ. ಅಳೆಯುವುದು ಮಾತ್ರ ಜನ ಸೇರಿದ ಹೊತ್ತಿನಲ್ಲಿ. ಖಾಲಿ ಗದ್ದೆಯಲ್ಲಿ ಮಧ್ಯಾಹ್ನ ಮಾಡಿದ ಸ್ಪೀಡ್ ಟೆಸ್ಟ್‌ನಿಂದ ಏನೂ ತಿಳಿಯುವುದಿಲ್ಲ. ಹತ್ತಿರದಲ್ಲೇ ಇನ್ನೊಂದು ಆಟ ಇದ್ದರೆ ಆ ರಾತ್ರಿ ಅಲ್ಲಿಗೆ ಹೋಗಿ ಅಳೆದು ಬರುವುದು ಒಳ್ಳೆಯದು.

ಟವರೇ ತುಂಬಿದ್ದರೆ ಏನು ಮಾಡುವುದು? ಇಲ್ಲಿ ನನಗೆ ಬಹಳ ನಂಬಿಕೆ ಇರುವ ದಾರಿ ಒಂದಿದೆ. ಟವರನ್ನು ಬಿಟ್ಟು ಫೈಬರ್, ಅಂದರೆ ಗಾಜಿನ ಎಳೆಯ ಇಂಟರ್ನೆಟ್ ಕೇಬಲ್, ಹುಡುಕುವುದು.

ಹತ್ತು ವರ್ಷದ ಹಿಂದಿನ ಕಾಸರಗೋಡಿಗೂ ಈಗಿನದಕ್ಕೂ ಇರುವ ದೊಡ್ಡ ವ್ಯತ್ಯಾಸ ಫೈಬರ್. ಕೇಬಲ್ ಟಿವಿಯವರು ಒಳಊರಿನ ಮನೆಗಳಿಗೂ ಫೈಬರ್ ಎಳೆದಿದ್ದಾರೆ. ಬಿಎಸ್‌ಎನ್‌ಎಲ್ ಫೈಬರ್ ಇದೆ. ಕೇರಳ ಸರ್ಕಾರದ ಕೆ-ಫೋನ್ ಯೋಜನೆ 2023ರ ಜೂನ್ 5ರಂದು ಉದ್ಘಾಟನೆಯಾಯಿತು. ವಿದ್ಯುತ್ ಮಂಡಳಿಯ ಕಂಬಗಳ ಮೇಲೆಯೇ ಅದರ ಫೈಬರ್ ಓಡುತ್ತದೆ. 30 ಸಾವಿರ ಸರ್ಕಾರಿ ಕಚೇರಿ, ಸಂಸ್ಥೆಗಳನ್ನು ಜೋಡಿಸುವುದು, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಕೊಡುವುದು ಅದರ ಗುರಿ. ಅಂದರೆ ಆಟದ ಗದ್ದೆಯಿಂದ ಒಂದೆರಡು ಕಿಲೋಮೀಟರ್ ಒಳಗೆ ಒಂದು ಶಾಲೆಯೋ ಪಂಚಾಯತ್ ಕಚೇರಿಯೋ ಮನೆಯೋ ಫೈಬರ್ ಇಟ್ಟುಕೊಂಡು ಕೂತಿರುವ ಸಾಧ್ಯತೆ ಬಹಳ ಇದೆ. ರಾತ್ರಿ ಹೊತ್ತು ಶಾಲೆಯ ಲೈನ್ ಸುಮ್ನೆ ಖಾಲಿ ಬಿದ್ದಿರುತ್ತದೆ.

ಅಲ್ಲಿಂದ ಗದ್ದೆಗೆ ಗಾಳಿಯಲ್ಲೇ ತರಬಹುದು. 5 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಎರಡು ಪೆಟ್ಟಿಗೆಗಳು, ಒಂದು ಶಾಲೆಯ ಮಾಡಿನ ಮೇಲೆ, ಇನ್ನೊಂದು ಗದ್ದೆಯ ಕಂಬದ ಮೇಲೆ, ಎದುರುಬದುರಾಗಿ. ಒಂದೊಂದೂ ಹತ್ತು ವ್ಯಾಟ್‌ಗಿಂತ ಕಡಿಮೆ ಕರೆಂಟ್ ತಿನ್ನುತ್ತದೆ. ಲೈಸೆನ್ಸ್ ಬೇಡ: 2.4 ಗಿಗಾಹರ್ಟ್ಸ್ ವೈಫೈ 2005ರಿಂದಲೇ ಮುಕ್ತ, 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು 2018ರ ಅಕ್ಟೋಬರ್‌ನಲ್ಲಿ ಹೊರಾಂಗಣ ಬಳಕೆಗೂ ಬಿಟ್ಟುಕೊಟ್ಟರು. ಶಕ್ತಿಗೆ ಮಿತಿ ಇದೆ. ಪೆಟ್ಟಿಗೆಯಲ್ಲಿ ದೇಶ ಭಾರತ ಎಂದು ಆರಿಸಿದರೆ ಅದು ಮಿತಿಯೊಳಗೇ ಇರುತ್ತದೆ.

ಆದರೆ ಒಂದು ಷರತ್ತು ಕಟ್ಟುನಿಟ್ಟು. ಎರಡು ತುದಿಗಳೂ ಒಂದಕ್ಕೊಂದು ಕಾಣಬೇಕು. ಕಂಡರೆ ಸಾಲದು, ನಡುವೆ ಸುತ್ತಲೂ ಸ್ವಲ್ಪ ಜಾಗ ಬಿಟ್ಟಿರಬೇಕು. ಅಲೆ ದಾರದ ಹಾಗೆ ಹೋಗುವುದಿಲ್ಲ, ನಡುವೆ ಉಬ್ಬಿಕೊಂಡು ಹೋಗುತ್ತದೆ. 2 ಕಿಲೋಮೀಟರ್ ದೂರಕ್ಕೆ ಸರಿ ಮಧ್ಯದಲ್ಲಿ ಆ ಉಬ್ಬು ನೇರ ಗೆರೆಯಿಂದ ಪ್ರತಿ ಬದಿಗೂ ಸುಮಾರು 5 ಮೀಟರ್. ಅದರಲ್ಲಿ 3 ಮೀಟರಾದರೂ ಖಾಲಿ ಇರಬೇಕು. ತೋಟದ ತಲೆ ಸವರಿಕೊಂಡು ಹೋಗುವ ಲಿಂಕ್ ಗಾಳಿ ಬೀಸಿದಾಗಲೆಲ್ಲ ಕಡಿಯುತ್ತದೆ. ಇಲ್ಲಿ ಪದವು ನಮ್ಮ ನೆರವಿಗೆ ಬರುತ್ತದೆ. ಬೋಳು ಪದವಿನಿಂದ ಎದುರಿನ ಪದವಿಗೆ ಬೈಲಿನ ಮೇಲಿಂದ ಹಾರಿಸಿದರೆ ಯಾವ ಮರವೂ ಅಡ್ಡ ಬರುವುದಿಲ್ಲ. ಅಲ್ಲಿಂದ ಕೆಳಗಿನ ಗದ್ದೆಗೆ ಇನ್ನೊಂದು ಸಣ್ಣ ಹಾರಿಕೆ, ಅಥವಾ ಕೇಬಲ್. ಪದವಿನ ಮೇಲೆ ಕರೆಂಟ್ ಇರುವುದಿಲ್ಲ. ಕಡಿಮೆ ವ್ಯಾಟ್ ಎನ್ನುವುದು ಕೆಲಸಕ್ಕೆ ಬರುವುದು ಅಲ್ಲಿಯೇ.

ಕರೆಂಟಿನ ಲೆಕ್ಕ ನೋಡಿ. ಕಂಬದ ಮೇಲಿನ ಪೆಟ್ಟಿಗೆ 8 ವ್ಯಾಟ್, ಕೆಳಗಿನ ಸಣ್ಣ ವೈಫೈ ರೂಟರ್ 5 ಅಥವಾ 6, ಲೈವ್ ಕಳಿಸುವ ಫೋನ್ ಚಾರ್ಜಿಗೆ 5. ಒಟ್ಟು 20 ವ್ಯಾಟ್ ಎಂದಿಟ್ಟುಕೊಳ್ಳಿ. ಎಂಟು ಗಂಟೆಗೆ 160 ವ್ಯಾಟ್-ಅವರ್. 12.8 ವೋಲ್ಟ್, 20 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 256 ವ್ಯಾಟ್-ಅವರ್ ಇದೆ. ಬೆಳಗಿನವರೆಗೆ ಬರುತ್ತದೆ, ಉಳಿಯುತ್ತದೆ. ಯುಪಿಎಸ್‌ನ ಹಳೆಯ 7 ಆಂಪಿಯರ್ ಲೆಡ್ ಬ್ಯಾಟರಿಯಲ್ಲಿ ಹೆಸರಿಗೆ 84 ಇದ್ದರೂ ಹಾಳಾಗದಂತೆ ಬಳಸಬಹುದಾದ್ದು ಅದರ ಅರ್ಧ, ಎರಡು ಗಂಟೆಗೆ ಮುಗಿಯಿತು. 20,000 ಎಂಎಎಚ್‌ನ ಪವರ್ ಬ್ಯಾಂಕ್‌ನಲ್ಲಿ 74 ಇರುತ್ತದೆ, ಕೈಗೆ ಸಿಗುವುದು 60ರ ಹತ್ತಿರ. ಕೌಂಟರಿಗೆ ಮಾತ್ರ ಒಂದು ಸಣ್ಣ ಹಾಟ್‌ಸ್ಪಾಟ್ ಸಾಕೆನ್ನುವವರಿಗೆ ಅದೇ ಧಾರಾಳ, ಯಾಕೆಂದರೆ ಅದು 3 ವ್ಯಾಟ್ ಕೂಡ ತಿನ್ನುವುದಿಲ್ಲ.

ಜನರೇಟರ್ ಇರುವಾಗ ಬ್ಯಾಟರಿ ಯಾಕೆ ಎಂದು ಸಮಿತಿಯವರು ಕೇಳುತ್ತಾರೆ. ಜನರೇಟರ್ ನಿಲ್ಲುತ್ತದೆ. ಡೀಸೆಲ್ ಹಾಕಲು ನಿಲ್ಲಿಸುತ್ತಾರೆ, ಲೋಡ್ ಜಾಸ್ತಿಯಾಗಿ ಟ್ರಿಪ್ ಆಗುತ್ತದೆ. ಲೈಟ್ ಎರಡು ನಿಮಿಷದಲ್ಲಿ ವಾಪಸ್ ಬರುತ್ತದೆ. ರೂಟರ್ ಮತ್ತೆ ಎದ್ದು, ನೆಟ್‌ವರ್ಕ್ ಹಿಡಿದು, ಲೈವ್ ಮತ್ತೆ ಶುರುವಾಗುವಷ್ಟರಲ್ಲಿ ನೋಡುತ್ತಿದ್ದವರು ಹೋಗಿರುತ್ತಾರೆ. ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಡಿ. ನಡುವೆ ಇನ್ವರ್ಟರ್ ಹಾಕಿದರೆ ಅದೇ ಸುಮ್ನೆ ಹತ್ತು ವ್ಯಾಟ್ ತಿಂದು ಕೂರಬಹುದು. ಸೋಲಾರ್ ಪ್ಯಾನಲ್ ರಾತ್ರಿಯ ಆಟಕ್ಕೆ ಬೇಡ. ಹಗಲಿನ ಕ್ರೀಡೋತ್ಸವಕ್ಕೆ, ಎಂಡೋಸಲ್ಫಾನ್ ಬಾಧಿತ ಪಂಚಾಯತ್‌ಗಳಲ್ಲಿ ನಡೆಯುವ ವೈದ್ಯಕೀಯ ಶಿಬಿರಗಳಿಗೆ ಒಂದು 40 ವ್ಯಾಟ್ ಪ್ಯಾನಲ್ ಉಪಕಾರಿ. ಬ್ಯಾಟರಿ, ಫೋನ್ ಎರಡನ್ನೂ ನೆರಳಲ್ಲಿಡಬೇಕು. ಬಿಸಿಯಾದ ಫೋನ್ ತಾನೇ ನಿಧಾನವಾಗುತ್ತದೆ.

ಶಾಲೆಯ ಕಡೆಯ ಫೈಬರ್ ಪೆಟ್ಟಿಗೆಗೂ ಒಂದು ಸಣ್ಣ ಡಿಸಿ ಯುಪಿಎಸ್ ಇಡಿ. ಊರಿನಲ್ಲಿ ಕರೆಂಟ್ ಹೋದರೂ ಫೈಬರ್ ನಡೆಯುತ್ತಿರುತ್ತದೆ, ಕೊಡುವವರ ಕಡೆ ಬ್ಯಾಕಪ್ ಇದ್ದರೆ. ಹೆಡ್‌ಮಾಸ್ಟರ ಒಪ್ಪಿಗೆ, ಪಿಟಿಎಯವರ (ಹೆತ್ತವರು-ಅಧ್ಯಾಪಕರ ಸಂಘ) ಒಪ್ಪಿಗೆ, ಲೈನ್ ಕೊಟ್ಟವರಿಗೆ ಒಂದು ಮಾತು, ಇವು ಮೂರೂ ಬೇಕು.

ಇನ್ನು ಸಿಕ್ಕಿದ ಅಪ್‌ಲೋಡನ್ನು ಹಂಚುವುದು. ಎಲ್ಲರಿಗೂ ಫ್ರೀ ವೈಫೈ ಕೊಡೋಣ ಎಂಬ ಉತ್ಸಾಹ ಯುವಕರಲ್ಲಿ ಇರುತ್ತದೆ. ಆ ಮನಸ್ಸು ಒಳ್ಳೆಯದು, ಆದರೂ ಬೇಡ ಎನ್ನುತ್ತೇನೆ. ಸಣ್ಣ ರೂಟರಿಗೆ ಕೆಲವು ಡಜನ್ ಫೋನ್ ಸೇರಿದರೆ ಯಾರಿಗೂ ಏನೂ ಸಿಗುವುದಿಲ್ಲ. ಸಾರ್ವಜನಿಕ ವೈಫೈ ಕೊಡುವವರು ಬಳಸುವವರ ಗುರುತು ದಾಖಲಿಸಬೇಕು ಎಂಬ ನಿಯಮವೂ ಇದೆ. ಕೊಡಲೇಬೇಕೆಂದಿದ್ದರೆ 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆಯಾದ ಕೇಂದ್ರ ಸರ್ಕಾರದ ಸಾರ್ವಜನಿಕ ವೈಫೈ ಯೋಜನೆ ಪಿಎಂ-ವಾಣಿಯ ದಾರಿ ಇದೆ. ಅಂಗಡಿಯವರೂ ಲೈಸೆನ್ಸ್ ಇಲ್ಲದೆ ಅದರಲ್ಲಿ ವೈಫೈ ಕೊಡಬಹುದು. ಒಂದು ರಾತ್ರಿಯ ಆಟಕ್ಕೆ ಪಾಸ್‌ವರ್ಡ್ ಹಾಕಿದ ಎರಡು ವೈಫೈ ಸಾಕು: ಒಂದು ಲೈವ್‌ಗೆ, ಇನ್ನೊಂದು ಕೌಂಟರ್, ಅಂಗಡಿಗಳು, ಆಂಬುಲೆನ್ಸ್‌ನವರಿಗೆ.

ಈ ಎರಡನ್ನೂ ಬೇರೆ ಮಾಡುವುದಕ್ಕೆ ಗಟ್ಟಿ ಕಾರಣ ಇದೆ. ಯುಪಿಐ ಪಾವತಿಗೆ ಬೇಕಾದ ಡೇಟಾ ತೀರಾ ಕಡಿಮೆ. ಆದರೆ ಅದಕ್ಕೆ ಕಾಯುವ ತಾಳ್ಮೆ ಇಲ್ಲ, ಕೆಲವು ಸೆಕೆಂಡ್‌ಗಳಲ್ಲಿ ಉತ್ತರ ಬರದಿದ್ದರೆ ಬಿಟ್ಟುಬಿಡುತ್ತದೆ. ಲೈವ್ ವಿಡಿಯೋ ಅಪ್‌ಲೋಡ್ ದಾರಿಯನ್ನು ಪೂರ್ತಿ ತುಂಬಿದಾಗ ಪಾವತಿಯ ಆ ಸಣ್ಣ ಚೂರು ವಿಡಿಯೋದ ಹಿಂದೆ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಳ್ಳೆಯ ರೂಟರ್‌ಗಳಲ್ಲಿ ಸಾಲು ನಿಭಾಯಿಸುವ ಸೆಟ್ಟಿಂಗ್ ಇದೆ. ಅದಿಲ್ಲದಿದ್ದರೆ ಲೈವ್‌ಗೆ ಒಂದು ಕಂಪನಿಯ ಸಿಮ್, ಕೌಂಟರಿಗೆ ಇನ್ನೊಂದು ಕಂಪನಿಯ ಸಿಮ್. ಎರಡು ಮೂರು ಸಿಮ್ ಒಟ್ಟು ಸೇರಿಸಿ ಒಂದೇ ದೊಡ್ಡ ದಾರಿ ಮಾಡುವ ಸಾಫ್ಟ್‌ವೇರ್‌ಗಳಿವೆ. ಆದರೆ ಅವು ರಾತ್ರಿ ಒಂದು ಗಂಟೆಗೆ ಕೈಕೊಟ್ಟರೆ ಸರಿಪಡಿಸಲು ಬಲ್ಲವರು ಬೇಕು. ಹಳ್ಳಿಗೆ ಬೇರೆ ಬೇರೆ ಇಡುವುದೇ ಕ್ಷೇಮ. ಡೇಟಾ ಪೂರ್ತಿ ನಿಂತಾಗಲೂ ವಾಯ್ಸ್ ಕರೆ ಸಾಮಾನ್ಯವಾಗಿ ಹೋಗುತ್ತದೆ, ನೆಟ್‌ವರ್ಕ್ ಅದಕ್ಕೆ ಮೊದಲ ಜಾಗ ಕೊಡುತ್ತದೆ. 2022ರಲ್ಲಿ ಬಂದ ಯುಪಿಐ 123ಪೇ ಕರೆಯ ಮೂಲಕವೇ ಹಣ ಕಳಿಸಲು ಬಿಡುತ್ತದೆ. ಅದನ್ನು ಕೌಂಟರಿನಲ್ಲಿ ಬರೆದು ಅಂಟಿಸಿದರೆ ನಷ್ಟವಿಲ್ಲ.

ಲೈವ್‌ನ ಗುಣಮಟ್ಟದ ವಿಷಯದಲ್ಲಿ ಹಠ ಬೇಡ. ಜನ ಸೇರಿದ ಮೇಲೆ ಸಿಗುವ ಅತಿ ಕಡಿಮೆ ಅಪ್‌ಲೋಡ್ ಎಷ್ಟೋ, ಅದರ ಮೂರರಲ್ಲಿ ಎರಡು ಪಾಲು ಮಾತ್ರ ಬಳಸಿ. 4 ಎಂಬಿಪಿಎಸ್ ಸಿಕ್ಕಿದರೆ 2.5ರಲ್ಲಿ 720ಪಿ ಕಳಿಸಿ. ಆರು ಗಂಟೆಗೆ ಹತ್ತಿರ ಹತ್ತಿರ 7 ಜಿಬಿ ಆಗುತ್ತದೆ. ದಿನಕ್ಕೆ 2 ಜಿಬಿಯ ಪ್ಯಾಕ್ ಹಾಕಿದ ಸಿಮ್ ಎರಡನೇ ಗಂಟೆಯಲ್ಲೇ 64 ಕೆಬಿಪಿಎಸ್‌ಗೆ ಇಳಿದು ಬಿಡುತ್ತದೆ. ಅದನ್ನು ಟವರಿನ ತಪ್ಪು ಎಂದುಕೊಳ್ಳುವವರೂ ಇದ್ದಾರೆ. ಮೊದಲೇ ಡೇಟಾ ಪ್ಯಾಕ್ ಹಾಕಿಸಿ.

ಎಲ್ಲಕ್ಕಿಂತ ಮುಖ್ಯ ಧ್ವನಿ. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡು. ಇಲ್ಲಿ ಭಾಗವತರ ಪದ, ಚೆಂಡೆ ಮದ್ದಳೆ, ಅರ್ಥಗಾರಿಕೆ ಕೇಳಿಸದ ಮೇಲೆ ವೇಷ ಎಷ್ಟು ಚೆಂದ ಕಂಡರೇನು? ಗದ್ದೆಯ ಗಲಾಟೆಯ ನಡುವೆ ಫೋನಿನ ಮೈಕನ್ನು ನಂಬುವ ಬದಲು ಸೌಂಡ್ಸ್‌ನವರ ಮಿಕ್ಸರ್‌ನಿಂದಲೇ ಒಂದು ವೈರ್ ತೆಗೆದುಕೊಳ್ಳಿ. ಒಳ್ಳೆಯ ಸ್ಟೀರಿಯೋ ಧ್ವನಿಗೆ 128 ಕೆಬಿಪಿಎಸ್ ಸಾಕು, ಅಂದರೆ ವಿಡಿಯೋದ ಇಪ್ಪತ್ತರಲ್ಲಿ ಒಂದು ಪಾಲು. ನೆಟ್‌ವರ್ಕ್ ತೀರಾ ಕುಸಿದಾಗ ಒಂದು ಸ್ಥಿರ ಚಿತ್ರ ಹಾಕಿ ಧ್ವನಿಯನ್ನಷ್ಟೇ ಕಳಿಸಬಹುದು. ವೇಷವಿಲ್ಲದೆ ಪದ, ಮಾತುಗಳಲ್ಲೇ ನಡೆಯುವ ತಾಳಮದ್ದಳೆಯನ್ನು ಇಡೀ ರಾತ್ರಿ ಕೂತು ಕೇಳಿ ಬೆಳೆದ ಪ್ರೇಕ್ಷಕರು ನಮ್ಮವರು. ಚಿತ್ರ ನಿಂತರೆ ಕ್ಷಮಿಸುತ್ತಾರೆ, ಪ್ರಸಂಗದ ನಡುವೆ ಮಾತು ಕಡಿದರೆ ಇಲ್ಲ. ಕೋಲ, ತೆಯ್ಯಂಗಳ ಲೈವ್ ಬೇರೆ ವಿಚಾರ. ಅದು ಬೇಕೇ ಬೇಡವೇ ಎಂದು ಆಯಾ ದೈವಸ್ಥಾನದವರು ತೀರ್ಮಾನಿಸಬೇಕು.

ಎರಡು ಅಡ್ಡದಾರಿಗಳ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಆನ್‌ಲೈನ್‌ನಲ್ಲಿ ಸಿಗುವ ಮೊಬೈಲ್ ಸಿಗ್ನಲ್ ಬೂಸ್ಟರ್ ತರಬೇಡಿ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ. ಅದು ಟವರಿನ ಕಿವಿಗೆ ಗದ್ದಲ ತುಂಬಿ ಸುತ್ತಲಿನ ಎಲ್ಲರ ಫೋನನ್ನೂ ಕೆಡಿಸುತ್ತದೆ. ರೂಟರಿಗೆ ಆ್ಯಂಟೆನಾ ಹಾಕುವುದು ಬೇರೆ, ಅದಕ್ಕೆ ಅಡ್ಡಿಯಿಲ್ಲ. ಇನ್ನೊಂದು, ಗಲ್ಫ್‌ನಿಂದ ಬರುವವರ ಕೈಯಲ್ಲಿ ಸ್ಯಾಟಲೈಟ್ ಇಂಟರ್ನೆಟ್‌ನ ತಟ್ಟೆ ತರಿಸುವ ಆಲೋಚನೆ. ಸ್ಟಾರ್‌ಲಿಂಕ್‌ಗೆ ಭಾರತದಲ್ಲಿ 2025ರ ಜೂನ್‌ನಲ್ಲಿ ಪರವಾನಗಿ ಸಿಕ್ಕಿತು. ಹೊರದೇಶದಲ್ಲಿ ಕೊಂಡ ತಟ್ಟೆಯನ್ನು ಇಲ್ಲಿ ತಂದು ಹಚ್ಚಲು ಅದರಿಂದ ಅನುಮತಿ ಸಿಕ್ಕಿದಂತಾಗುವುದಿಲ್ಲ. ಅದರ ಅತಿ ಸಣ್ಣ ತಟ್ಟೆಯೂ 25ರಿಂದ 40 ವ್ಯಾಟ್ ತಿನ್ನುತ್ತದೆ.

ಸಿಡಿಲಿನ ಮಾತು ಬಿಡುವಂತಿಲ್ಲ. ಏಪ್ರಿಲ್, ಮೇ ಸಂಜೆಗಳಲ್ಲಿ ನಮ್ಮಲ್ಲಿ ಗುಡುಗು ಸಿಡಿಲು ಜೋರು. ಬೋಳು ಪದವಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸುವುದೆಂದರೆ ಅದನ್ನು ಕರೆದ ಹಾಗೆಯೇ. ಗುಡುಗು ಕೇಳಿದ ಕೂಡಲೇ ಕಂಬದಿಂದ ದೂರ ಬನ್ನಿ. ಮುನ್ಸೂಚನೆ ಇದ್ದ ದಿನ ಕಂಬ ಏರಿಸಲೇಬೇಡಿ. ಆ ರಾತ್ರಿ ಲೈವ್ ಇಲ್ಲ ಎಂದರೆ ಇಲ್ಲ. ಕಂಬ ಎತ್ತುವಾಗ ಕರೆಂಟ್ ಲೈನ್ ಎಲ್ಲಿದೆ ಎಂದು ಹಗಲಲ್ಲೇ ನೋಡಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಸಾಮಾನಿಗೆ, ಅಂದರೆ ಎರಡು ಲಿಂಕ್ ಪೆಟ್ಟಿಗೆ, ಸಿಮ್ ರೂಟರ್, ಬ್ಯಾಟರಿ, ಮಡಚುವ ಕಂಬ, ಕೇಬಲ್, ಇಪ್ಪತ್ತು ಇಪ್ಪತ್ತೈದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಆಗುತ್ತದೆ. ಒಂದು ರಾತ್ರಿಗೆ ಒಂದು ಸಮಿತಿ ಕೊಳ್ಳುವ ವಸ್ತು ಅಲ್ಲ. ಆದರೆ ಊರಿನ ಗ್ರಂಥಾಲಯವೋ ಯುವಕ ಮಂಡಲವೋ ಮಹಿಳೆಯರ ಕುಟುಂಬಶ್ರೀ ಘಟಕವೋ ಒಂದು ಸೆಟ್ ಇಟ್ಟುಕೊಂಡು, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಹಾಗೆ ಕೊಡಬಹುದು. ಸಾಮಾನಿಗಿಂತ ಕಷ್ಟ, ಅದನ್ನು ಕಟ್ಟಲು ಬಲ್ಲ ಇಬ್ಬರು ಮೂವರು ಸಿಗುವುದು. ನಮ್ಮ ಶಾಲೆಗಳಲ್ಲಿ ಲಿಟಲ್ ಕೈಟ್ಸ್ ಐಟಿ ಕ್ಲಬ್‌ಗಳಿವೆ, ಕಲಿಯುವ ಆಸೆ ಇರುವ ಮಕ್ಕಳಿದ್ದಾರೆ. ಶಾಲೆಯ ಮಾಡಿನ ಮೇಲಿನ ಪೆಟ್ಟಿಗೆಯನ್ನು ಹಗಲಲ್ಲಿ ಅವರೇ ಗುರಿ ಹಿಡಿದು ಕೊಡಬಲ್ಲರು. ಕನ್ನಡದಲ್ಲಿ ನಾಲ್ಕು ಪುಟದ ಒಂದು ಕೈಪಿಡಿ ಬೇಕು, ಯಾಕೆಂದರೆ ಈ ಪೆಟ್ಟಿಗೆಗಳ ಜೊತೆ ಬರುವುದು ಇಂಗ್ಲಿಷ್, ಸರ್ಕಾರದಿಂದ ಬರುವುದು ಹೆಚ್ಚಾಗಿ ಮಲಯಾಳಂ.

ಪಂಚಾಯತ್ ಮಟ್ಟದಲ್ಲಿ ಕೇಳಬೇಕಾದ್ದು ಒಂದೇ. ಸಾರ್ವಜನಿಕ ಕಾರ್ಯಕ್ರಮಗಳಿಗೆ ಶಾಲೆ, ಕಚೇರಿಗಳ ಕೆ-ಫೋನ್ ಲೈನನ್ನು ಒಂದು ರಾತ್ರಿಯ ಮಟ್ಟಿಗೆ ಬಳಸಲು ಲಿಖಿತ ಅನುಮತಿ ಕೊಡುವ ಕ್ರಮ. ಹಾಗೊಂದು ಕ್ರಮ ಇಲ್ಲದಿದ್ದರೆ ಹೆಡ್‌ಮಾಸ್ಟರಿಗೆ ಮನಸ್ಸಿದ್ದರೂ ಹೂಂ ಎನ್ನಲು ಧೈರ್ಯ ಬರುವುದಿಲ್ಲ. ಮಳೆಗಾಲದ ಗ್ರಾಮಸಭೆಗಳಲ್ಲೇ ಇದನ್ನು ಎತ್ತಬೇಕು. ನವೆಂಬರ್‌ನಲ್ಲಿ ಮೇಳಗಳು ಹೊರಟ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ.